ಡೈವೋರ್ಸ್ ಮುಗಿದರೂ ಐಆರ್‌ಎಸ್ ಪತ್ರ ಇಬ್ಬರ ಹೆಸರಿಗೇ

ಊರಿನಲ್ಲಿ ಗಂಡನ ಪ್ಯಾನ್ ಬೇರೆ, ಹೆಂಡತಿಯ ಪ್ಯಾನ್ ಬೇರೆ. ಅವನ ರಿಟರ್ನಿಗೂ ಅವಳ ರಿಟರ್ನಿಗೂ ಸಂಬಂಧವಿಲ್ಲ. ಅದೇ ಲೆಕ್ಕ ತಲೆಯಲ್ಲಿಟ್ಟುಕೊಂಡು ಅಮೆರಿಕಕ್ಕೆ ಬರುವ ನಮ್ಮವರಿಗೆ ಗಂಡ ಹೆಂಡತಿ ಸೇರಿ ಹಾಕುವ ಜಾಯಿಂಟ್ ರಿಟರ್ನ್ ಎಂದರೆ ತೆರಿಗೆ ಕಮ್ಮಿಯಾಗಲಿ ಎಂದು ಹಾಕುವ ಒಂದು ಟಿಕ್, ಅಷ್ಟೇ. ಆ ಟಿಕ್ಕಿನ ಅರ್ಥ ತಿಳಿಯುವುದು ಮದುವೆ ಮುರಿದ ಮೇಲೆ, ಎರಡು ಮೂರು ವರ್ಷ ಹಿಂದಿನ ರಿಟರ್ನ್ ಹಿಡಿದು ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಪತ್ರ ಬರೆದಾಗ. ಜಾಯಿಂಟ್ ರಿಟರ್ನಿಗೆ ಸಹಿ ಮಾಡಿದ ಇಬ್ಬರೂ ಆ ವರ್ಷದ ತೆರಿಗೆ, ದಂಡ, ಬಡ್ಡಿ ಮೂರಕ್ಕೂ ಪೂರ್ತಿ ಹೊಣೆ. 20,000 ಡಾಲರ್ ಬಾಕಿಯಿದ್ದರೆ ತಲಾ ಹತ್ತು ಸಾವಿರ ಎಂಬ ಲೆಕ್ಕ ನಡೆಯುವುದಿಲ್ಲ. ಅಷ್ಟನ್ನೂ ಒಬ್ಬರಿಂದಲೇ ವಸೂಲು ಮಾಡಬಹುದು. ತಿಂಗಳ ಸಂಬಳ ಬರುವವರು, ಬ್ಯಾಂಕಿನಲ್ಲಿ ದುಡ್ಡಿಟ್ಟವರು ಮೊದಲು ಸಿಕ್ಕಿಬೀಳುತ್ತಾರೆ.

ಡಿಕ್ರಿಯಲ್ಲಿ 'ಹಳೆಯ ತೆರಿಗೆ ಬಾಕಿಯೆಲ್ಲ ಗಂಡನೇ ಕಟ್ಟತಕ್ಕದ್ದು' ಎಂದು ಬರೆಸಿಕೊಂಡು ನಿಶ್ಚಿಂತೆಯಾಗಿರುವವರು ಬಹಳ. ಆ ಸಾಲು ಕಟ್ಟಿಹಾಕುವುದು ಆ ಇಬ್ಬರನ್ನು. ಐಆರ್‌ಎಸ್ ಆ ಮೊಕದ್ದಮೆಯಲ್ಲಿ ಪಕ್ಷಗಾರನೇ ಅಲ್ಲ, ಹಾಗಾಗಿ ಅದು ಹೆಂಡತಿಯ ಸಂಬಳಕ್ಕೇ ಕೈಹಾಕಬಹುದು. ಆಮೇಲೆ ಅವಳು ಡಿಕ್ರಿ ಹಿಡಿದುಕೊಂಡು ಫ್ಯಾಮಿಲಿ ಕೋರ್ಟಿಗೆ ಹೋಗಿ ಮಾಜಿ ಗಂಡನಿಂದ ಆ ದುಡ್ಡು ವಾಪಸು ಕೇಳಬೇಕು. (ಇಲ್ಲಿ ಹೆಂಡತಿ ಎಂದು ಬರೆದ ಕಡೆಯಲ್ಲೆಲ್ಲ ಗಂಡ ಎಂದೂ ಓದಿಕೊಳ್ಳಬಹುದು, ಕಾನೂನು ಎರಡೂ ಕಡೆ ಒಂದೇ.) ಡಿಕ್ರಿ ಇನ್ನೂ ಆಗಿಲ್ಲದಿದ್ದರೆ ಆ ಸಾಲನ್ನು ಬಿಡಿಸಿ ಬರೆಸಿ: ಯಾವ ಯಾವ ವರ್ಷ, ಫೆಡರಲ್ ಮಾತ್ರವೇ ಸ್ಟೇಟ್ ಕೂಡವೇ, ದಂಡ ಬಡ್ಡಿ ಯಾರದು, ಮುಂದೆ ನೋಟಿಸ್ ಬಂದರೆ ಎಷ್ಟು ದಿನದೊಳಗೆ ಇನ್ನೊಬ್ಬರಿಗೆ ಪ್ರತಿ ಕಳಿಸಬೇಕು. ಮನೆ ಮಾರುವುದಿದ್ದರೆ ಬಾಕಿಯಷ್ಟು ಹಣವನ್ನು ಎಸ್ಕ್ರೋದಲ್ಲೇ (ಮಾರಾಟದ ಹಣ ಹಿಡಿದಿಡುವ ಮೂರನೆಯವರ ಖಾತೆ) ಹಿಡಿದು ನೇರ ಐಆರ್‌ಎಸ್‌ಗೆ ಕಟ್ಟಿಸುವುದು ಎಲ್ಲಕ್ಕಿಂತ ಗಟ್ಟಿ ದಾರಿ. ಮಾತಿಗಿಂತ ಎಸ್ಕ್ರೋ ಮೇಲು.

ಜಗಳ ಶುರುವಾಗಿ, ಕಾಗದದ ಮೇಲೆ ಮದುವೆ ಇನ್ನೂ ಉಳಿದಿದ್ದರೆ ಇನ್ನೊಂದು ಮಾತು. ತೆರಿಗೆಯ ಲೆಕ್ಕಕ್ಕೆ ಡಿಸೆಂಬರ್ 31ರಂದು ನೀವು ಏನಾಗಿದ್ದಿರೋ ಇಡೀ ವರ್ಷ ಅದೇ. ಬೆಂಗಳೂರಿನ ಫ್ಯಾಮಿಲಿ ಕೋರ್ಟಿನಲ್ಲಿ ಮ್ಯೂಚುವಲ್ ಕನ್ಸೆಂಟ್ ಅರ್ಜಿ ಹಾಕಿ ಕಾಯುತ್ತಿದ್ದರೂ ಆ ದಿನ ನೀವು ವಿವಾಹಿತರೇ. ಆಗ ಪ್ರತ್ಯೇಕ ರಿಟರ್ನ್ ಹಾಕಿದರೆ ತೆರಿಗೆ ಸಾಮಾನ್ಯವಾಗಿ ಹೆಚ್ಚು ಬರುತ್ತದೆ. ಆದರೆ ಪ್ರತ್ಯೇಕವಾಗಿ ಹಾಕಿದ್ದನ್ನು ಮೂರು ವರ್ಷದೊಳಗೆ ಜಾಯಿಂಟ್ ಮಾಡಬಹುದು. ಜಾಯಿಂಟ್ ಹಾಕಿದ್ದನ್ನು ಏಪ್ರಿಲ್ ಗಡುವು ದಾಟಿದ ಮೇಲೆ ಬಿಡಿಸಲು ಬರುವುದಿಲ್ಲ. ಅನುಮಾನವಿರುವ ವರ್ಷ ಪ್ರತ್ಯೇಕ ಹಾಕಿ ಎನ್ನುವುದು ಇದಕ್ಕೇ. ಒಂದು ಎಚ್ಚರ: ಕ್ಯಾಲಿಫೋರ್ನಿಯಾ, ಟೆಕ್ಸಸ್, ವಾಷಿಂಗ್ಟನ್‌ನಂಥ ಕಮ್ಯುನಿಟಿ ಪ್ರಾಪರ್ಟಿ ರಾಜ್ಯಗಳಲ್ಲಿ (ಮದುವೆಯಾದ ಮೇಲಿನ ಗಳಿಕೆ ಇಬ್ಬರದೂ ಎನ್ನುವ ಕಡೆ) ಪ್ರತ್ಯೇಕ ರಿಟರ್ನಿನಲ್ಲೂ ಇಬ್ಬರ ಆದಾಯವನ್ನು ಹಂಚಿ ತೋರಿಸಬೇಕಾಗಬಹುದು. ಅದಕ್ಕೆ ಫಾರ್ಮ್ 8958.

ಹೆಂಡತಿ ದಾವಣಗೆರೆಯಲ್ಲೋ ಮೈಸೂರಿನಲ್ಲೋ ಇದ್ದಾಗಲೇ ಗಂಡ ಅವಳಿಗೊಂದು ಐಟಿಐಎನ್ (ಎಸ್‌ಎಸ್‌ಎನ್ ಸಿಗದವರಿಗೆ ಐಆರ್‌ಎಸ್ ಕೊಡುವ ತೆರಿಗೆ ಸಂಖ್ಯೆ; ಎಸ್‌ಎಸ್‌ಎನ್ ಎಂದರೆ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ) ಮಾಡಿಸಿ ಜಾಯಿಂಟ್ ರಿಟರ್ನ್ ಹಾಕಿರುವುದೂ ಉಂಟು. ಇಬ್ಬರೂ ಸಹಿ ಮಾಡಿದ ಹೇಳಿಕೆಯೊಂದನ್ನು ಲಗತ್ತಿಸಿ ಅವಳನ್ನು ತೆರಿಗೆಯ ಮಟ್ಟಿಗೆ ಅಮೆರಿಕದ ನಿವಾಸಿ ಎಂದು ಪರಿಗಣಿಸಿಕೊಳ್ಳುವ ಆಯ್ಕೆ ಅದು. ವಿಮಾನ ಹತ್ತದಿದ್ದರೂ ಆ ರಿಟರ್ನಿಗೆ ಅವಳು ಸಮಾನ ಹೊಣೆ. ಸಹಿಯೇ ತನ್ನದಲ್ಲ, ಅಥವಾ ಹೆದರಿಸಿ ಹಾಕಿಸಿಕೊಂಡದ್ದು ಎಂದಾದರೆ ವಿಷಯ ಬೇರೆ: ಅದು ಜಾಯಿಂಟ್ ರಿಟರ್ನೇ ಅಲ್ಲ ಎಂದು ವಾದಿಸಬೇಕು. ಪರಿಹಾರ ಕೇಳುವ ಅರ್ಜಿಯಾದ ಫಾರ್ಮ್ 8857ರಲ್ಲೇ ಅದನ್ನೂ ತಿಳಿಸುವ ಜಾಗವಿದೆ. ಸಾಫ್ಟ್‌ವೇರಿನಲ್ಲಿ ಇಬ್ಬರ ಪಿನ್ ಒಬ್ಬರೇ ಒತ್ತುವ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತದೆ. ಆದರೆ ವರ್ಷವರ್ಷವೂ ಹಾಗೇ ಬಿಟ್ಟಿದ್ದರೆ ಮೌನ ಒಪ್ಪಿಗೆ ಇತ್ತು ಎಂದು ನೋಡುವ ಸಾಧ್ಯತೆಯೇ ಹೆಚ್ಚು.

ಇನ್ನು ಪತ್ರ ಕೈಗೆ ಬಂದಾಗಿನ ಕೆಲಸ. ವಕೀಲರಿಗೆ ಫೋನ್ ಮಾಡುವ ಮೊದಲು ಟ್ರಾನ್ಸ್‌ಕ್ರಿಪ್ಟ್, ಅಂದರೆ ನಿಮ್ಮ ತೆರಿಗೆ ಖಾತೆಯ ಲೆಕ್ಕದ ಹಾಳೆ, ತೆಗೆಸಿ. ಐಆರ್‌ಎಸ್ ಆನ್‌ಲೈನ್ ಖಾತೆಯಲ್ಲಿ ಉಚಿತವಾಗಿ ಸಿಗುತ್ತದೆ. ಆನ್‌ಲೈನ್ ಗುರುತಿನ ಪರೀಕ್ಷೆ ದಾಟದವರು ಫಾರ್ಮ್ 4506-ಟಿ ಕಳಿಸಬಹುದು. ಜಾಯಿಂಟ್ ವರ್ಷದ ಅಕೌಂಟ್ ಟ್ರಾನ್ಸ್‌ಕ್ರಿಪ್ಟ್ ಇಬ್ಬರಲ್ಲಿ ಯಾರು ಕೇಳಿದರೂ ಸಿಗುತ್ತದೆ, ಇನ್ನೊಬ್ಬರ ಅನುಮತಿ ಬೇಡ. ಅದರಲ್ಲಿ ಎಡಗಡೆ ಮೂರಂಕಿಯ ಕೋಡ್, ಬಲಗಡೆ ತಾರೀಖು, ಮೊತ್ತ. 150 ಎಂದರೆ ರಿಟರ್ನ್ ದಾಖಲಾಗಿ ಅದರಲ್ಲಿ ತೋರಿಸಿದ ತೆರಿಗೆ. 290 ಅಥವಾ 300 ಎಂದರೆ ಆಮೇಲೆ ಐಆರ್‌ಎಸ್ ಸೇರಿಸಿದ ತೆರಿಗೆ. 276 ಕಟ್ಟದ್ದಕ್ಕೆ ದಂಡ, 196 ಬಡ್ಡಿ, 670 ಕಟ್ಟಿದ ಹಣ, 582 ಆಸ್ತಿಯ ಮೇಲೆ ಲೀನ್, ಅಂದರೆ ಬಾಕಿಗಾಗಿ ಸರ್ಕಾರ ದಾಖಲಿಸುವ ಹಕ್ಕು.

ಈ ಹಾಳೆಯಲ್ಲಿ ನೋಡಬೇಕಾದ್ದು ಒಂದೇ: ಬಾಕಿ 150ರ ಸಾಲಿನಿಂದ ಬಂದದ್ದೋ, 290 ಅಥವಾ 300ರ ಸಾಲಿನಿಂದ ಬಂದದ್ದೋ. ಮೊದಲನೆಯದಾದರೆ ರಿಟರ್ನಿನಲ್ಲಿ ತೆರಿಗೆ ಸರಿಯಾಗಿಯೇ ತೋರಿಸಿದ್ದಾರೆ, ದುಡ್ಡು ಕಟ್ಟಿಲ್ಲ. ಎರಡನೆಯದಾದರೆ ತೋರಿಸಿದ್ದೇ ಕಡಿಮೆ. ಆದಾಯ ಬಿಟ್ಟಿದ್ದಾರೆ ಅಥವಾ ಇಲ್ಲದ ಖರ್ಚು ಬರೆದಿದ್ದಾರೆ. ಮುಂದಿನ ದಾರಿಯೆಲ್ಲ ಇಲ್ಲಿ ಕವಲೊಡೆಯುತ್ತದೆ. 'ಅದು ಯಾರ ದುಡ್ಡು' ಎಂದು ತಿಂಗಳುಗಟ್ಟಲೆ ಕಿತ್ತಾಡಿದವರು ಈ ಪ್ರಶ್ನೆಯನ್ನೇ ಕೇಳಿಕೊಂಡಿರುವುದಿಲ್ಲ.

1998ರ ಕಾನೂನಿನಲ್ಲಿ ಪರಿಹಾರದ ಬಾಗಿಲು ಮೂರು. ಮೊದಲನೆಯದು ಇನೊಸೆಂಟ್ ಸ್ಪೌಸ್ ರಿಲೀಫ್: ತಪ್ಪು ಲೆಕ್ಕ ಇನ್ನೊಬ್ಬರದು, ಸಹಿ ಮಾಡುವಾಗ ನಿಮಗೆ ಅದು ತಿಳಿದಿರಲಿಲ್ಲ, ತಿಳಿಯಲು ಕಾರಣವೂ ಇರಲಿಲ್ಲ, ಈಗ ನಿಮ್ಮಿಂದ ವಸೂಲು ಮಾಡುವುದು ನ್ಯಾಯವಲ್ಲ. ಇಷ್ಟನ್ನೂ ನೀವೇ ಸಾಬೀತು ಮಾಡಬೇಕು. ಎರಡನೆಯದು ಹೊಣೆಯನ್ನು ಬೇರ್ಪಡಿಸುವುದು: ಡೈವೋರ್ಸ್ ಆದವರು, ಕಾನೂನುಬದ್ಧವಾಗಿ ಬೇರೆಯಾದವರು, ಸಂಗಾತಿ ತೀರಿಕೊಂಡವರು, ಅಥವಾ ಅರ್ಜಿಗೆ ಹಿಂದಿನ 12 ತಿಂಗಳು ಒಂದೇ ಮನೆಯಲ್ಲಿ ಇರದವರಿಗೆ. ಇಲ್ಲಿ 'ತಿಳಿಯಲು ಕಾರಣವಿತ್ತು' ಎಂದರೆ ಸಾಲದು, ನಿಮಗೆ ನಿಜಕ್ಕೂ ಗೊತ್ತಿತ್ತು ಎಂದು ಐಆರ್‌ಎಸ್ಸೇ ತೋರಿಸಬೇಕು. ಡೈವೋರ್ಸ್ ಆದವರಿಗೆ ಹೆಚ್ಚಾಗಿ ಒದಗುವುದು ಇದೇ. ಆದರೆ ಈ ಬಾಗಿಲಲ್ಲಿ ಈಗಾಗಲೇ ಕಟ್ಟಿದ ದುಡ್ಡು ವಾಪಸು ಬರುವುದಿಲ್ಲ. ಮೂರನೆಯದು ಈಕ್ವಿಟಬಲ್ ರಿಲೀಫ್: ಎಲ್ಲ ಸಂದರ್ಭ ತೂಗಿ, ನಿಮ್ಮಿಂದ ವಸೂಲು ಮಾಡುವುದು ಅನ್ಯಾಯ ಎನಿಸಿದರೆ ಕೊಡುವ ಪರಿಹಾರ. ತೋರಿಸಿ ಕಟ್ಟದ ಬಾಕಿಗೆ, ಅಂದರೆ 150ರ ಸಾಲಿನ ಬಾಕಿಗೆ, ಇರುವುದು ಇದೊಂದೇ.

ಬೇರ್ಪಡಿಸುವ ಲೆಕ್ಕ ಹೀಗೆ. 2021ರ ರಿಟರ್ನಿನಲ್ಲಿ ಗಂಡನ 60,000 ಡಾಲರ್ ಬಾಡಿಗೆ ಮತ್ತು ಬಡ್ಡಿ, ಹೆಂಡತಿಯ 20,000 ಡಾಲರ್ ಕನ್ಸಲ್ಟಿಂಗ್ ಆದಾಯ ಬಿಟ್ಟುಹೋಗಿದೆ ಎನ್ನಿ. ಐಆರ್‌ಎಸ್ ಸೇರಿಸಿದ ತೆರಿಗೆ 20,000. ಬಿಟ್ಟ 80,000ದಲ್ಲಿ ಅವಳ ಪಾಲು ಕಾಲು ಭಾಗ; ಅವಳ ಹೊಣೆ 5,000, ಉಳಿದ 15,000 ಅವನದು. ಗಂಡನ ಬಿಟ್ಟ ಆದಾಯದಲ್ಲಿ 20,000 ಅವಳಿಗೆ ಗೊತ್ತಿತ್ತು ಎಂದು ಸಾಬೀತಾದರೆ ಅದೂ ಅವಳ ಕಡೆಗೆ ಬರುತ್ತದೆ. ಆಗ ಅವಳ ಹೊಣೆ 10,000.

'ಗೊತ್ತಿತ್ತು' ಎಂಬ ಪದದಲ್ಲಿ ನಮ್ಮವರು ಎಡವುವುದು ಒಂದೇ ಜಾಗದಲ್ಲಿ. ಎನ್‌ಆರ್‌ಇ ಠೇವಣಿಯ (ಅನಿವಾಸಿಗಳು ಭಾರತದ ಬ್ಯಾಂಕಿನಲ್ಲಿ ಇಡುವುದು) ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ, ಇಲ್ಲಿ ಇದೆ. 'ಬಡ್ಡಿ ಬರುವುದು ಗೊತ್ತಿತ್ತು, ಅದಕ್ಕೆ ಅಮೆರಿಕದಲ್ಲಿ ತೆರಿಗೆ ಕಟ್ಟಬೇಕೆಂದು ಗೊತ್ತಿರಲಿಲ್ಲ' ಎಂದು ಬರೆದರೆ ಅರ್ಜಿಯನ್ನು ತಾವೇ ಮುಳುಗಿಸಿದಂತೆ. ಕೇಳುವುದು ಆದಾಯ ಗೊತ್ತಿತ್ತೇ ಎಂದು. ಕಾನೂನು ಗೊತ್ತಿರಲಿಲ್ಲ ಎಂಬುದು ಉತ್ತರವಾಗುವುದಿಲ್ಲ. ಜಂಟಿ ಹೆಸರಿನ ಖಾತೆಯಾದರೆ ಇನ್ನೂ ಕಷ್ಟ. ಹಾಗೆಯೇ ವಿದೇಶಿ ಖಾತೆಗಳ ಮೊತ್ತ 10,000 ಡಾಲರ್ ದಾಟಿದಾಗ ಸಲ್ಲಿಸಬೇಕಾದ ಎಫ್‌ಬಿಎಆರ್ ಎಂಬ ವರದಿ ತಪ್ಪಿದ್ದರೆ, ಆ ದಂಡ ಈ ಮೂರು ಬಾಗಿಲಲ್ಲಿ ಯಾವುದರಿಂದಲೂ ಹೋಗುವುದಿಲ್ಲ. ಅದು ಆದಾಯ ತೆರಿಗೆಯೇ ಅಲ್ಲ. ಪ್ರತಿ ಖಾತೆದಾರರ ಸ್ವಂತ ಹೊಣೆ.

ಗಡುವು ಬಾಗಿಲಿನ ಮೇಲೆ ನಿಂತಿದೆ. ಮೊದಲೆರಡಕ್ಕೆ, ಐಆರ್‌ಎಸ್ ನಿಮ್ಮ ಮೇಲೆ ವಸೂಲಿ ಶುರುಮಾಡಿದ ದಿನದಿಂದ ಎರಡು ವರ್ಷ. ಮೊದಲ ಬಿಲ್ ಆದ ಸಿಪಿ14 ಬಂದರೆ ಗಡಿಯಾರ ಓಡುವುದಿಲ್ಲ, ಲೀನ್ ಹಾಕಿದರೂ ಓಡುವುದಿಲ್ಲ. ಓಡುವುದು ನಿಮ್ಮ ರಿಫಂಡನ್ನು ಹಿಡಿದು ಆ ಬಾಕಿಗೆ ಜಮಾ ಮಾಡಿದಾಗ, ಅಥವಾ ಎಲ್‌ಟಿ11 ಇಲ್ಲವೇ ಲೆಟರ್ 1058 ಎಂಬ ಕೊನೆಯ ಜಪ್ತಿ ನೋಟಿಸ್ ಬಂದಾಗ, ಅಥವಾ ಸರ್ಕಾರ ದಾವೆ ಹೂಡಿದಾಗ. ಮೂರನೆಯ ಬಾಗಿಲಿಗೆ ಈ ಎರಡು ವರ್ಷದ ಕಟ್ಟು 2011ರಲ್ಲಿ ಹೋಯಿತು. ಬಾಕಿ ವಸೂಲಿಗೆ ಐಆರ್‌ಎಸ್‌ಗೆ ಸಿಗುವ ಹತ್ತು ವರ್ಷ ಮುಗಿಯುವವರೆಗೂ ಕೇಳಬಹುದು. ಕಟ್ಟಿದ್ದು ವಾಪಸು ಬೇಕಿದ್ದರೆ ಮಾತ್ರ ರಿಟರ್ನ್ ಹಾಕಿ ಮೂರು ವರ್ಷ ಅಥವಾ ದುಡ್ಡು ಕಟ್ಟಿ ಎರಡು ವರ್ಷದೊಳಗೆ ಕೇಳಬೇಕು. ಎಲ್‌ಟಿ11 ಬಂದಿದ್ದರೆ ಇನ್ನೊಂದು ಗಡುವೂ ಇದೆ: 30 ದಿನದಲ್ಲಿ ಫಾರ್ಮ್ 12153 ಕಳಿಸಿದರೆ ವಿಚಾರಣೆ ಸಿಗುತ್ತದೆ, ಅಲ್ಲೂ ಇದೇ ವಾದ ಎತ್ತಬಹುದು.

ಬಹುಪಾಲು ಗಡುವುಗಳು ತಪ್ಪುವುದು ಪತ್ರ ಹಳೆಯ ಮನೆಗೆ ಹೋಗುವುದರಿಂದ. ಮನೆ ಬಿಟ್ಟ ವಾರವೇ ಫಾರ್ಮ್ 8822 ಕಳಿಸಿ. ಹಿಂದಿನ ರಿಟರ್ನ್ ಜಾಯಿಂಟ್ ಆಗಿತ್ತು, ಈಗ ಬೇರೆ ಮನೆ ಮಾಡಿದ್ದೇನೆ ಎಂದು ಹೇಳುವ ಚೌಕ ಅದರ ಮೊದಲಲ್ಲೇ ಇದೆ. ಅದಕ್ಕೆ ಟಿಕ್ ಹಾಕುವುದನ್ನು ಮರೆಯಬೇಡಿ. ಯುಎಸ್‌ಪಿಎಸ್ ಅಂಚೆಯಲ್ಲಿ ಟಪಾಲು ತಿರುಗಿಸಲು ಹೇಳಿದ್ದನ್ನೇ ನಂಬಿ ಕೂರಬೇಡಿ.

ಅರ್ಜಿ ಎಂದರೆ ಫಾರ್ಮ್ 8857. ಒಂದೇ ಫಾರ್ಮಿನಲ್ಲಿ ಮೂರು ಬಾಗಿಲೂ ಪರಿಶೀಲನೆಯಾಗುತ್ತವೆ. ಯಾವುದು ಬೇಕೆಂದು ನೀವು ಆರಿಸಬೇಕಾಗಿಲ್ಲ. ಅದನ್ನು ವರ್ಷದ ರಿಟರ್ನ್ ಜೊತೆಗೆ ಸೇರಿಸಿ ಕಳಿಸಬೇಡಿ, ಪ್ರತ್ಯೇಕ ವಿಳಾಸ ಅಥವಾ ಫ್ಯಾಕ್ಸಿಗೆ ಹೋಗಬೇಕು. ಪರಿಹಾರ ಬೇಕಾದ ವರ್ಷಗಳನ್ನೆಲ್ಲ ಬರೆಯಿರಿ. 2020ನ್ನು ಬರೆದು 2021 ಬಿಟ್ಟರೆ ಬಿಟ್ಟ ವರ್ಷದ ವಸೂಲಿ ನಡೆಯುತ್ತಲೇ ಇರುತ್ತದೆ.

ಫಾರ್ಮಿನಲ್ಲಿ ಒಂದು ಪ್ರಶ್ನೆ: ರಿಟರ್ನ್ ಹಾಕಿದಾಗ ನಿಮ್ಮ ವಿದ್ಯಾಭ್ಯಾಸ ಎಷ್ಟಾಗಿತ್ತು? ಎಚ್-4 ವೀಸಾದಲ್ಲಿ (ಎಚ್-1ಬಿ ನೌಕರರ ಸಂಗಾತಿಗೆ ಸಿಗುವುದು) ಕೆಲಸವಿಲ್ಲದೆ ಮನೆಯಲ್ಲಿದ್ದ ಹೆಣ್ಣುಮಗಳು ಬಿ.ಇ. ಎಂದು ಬರೆದ ಕೂಡಲೇ 'ತಿಳಿಯಲು ಕಾರಣವಿತ್ತು' ಎಂಬ ತಕ್ಕಡಿ ಸ್ವಲ್ಪ ವಾಲುತ್ತದೆ. ಹಾಗೆಂದು ಸುಳ್ಳು ಬರೆಯುವಂತಿಲ್ಲ, ಸುಳ್ಳಾದರೆ ಶಿಕ್ಷೆಯುಂಟೆಂದು ಒಪ್ಪಿ ಸಹಿ ಮಾಡುವ ಫಾರ್ಮ್ ಅದು. ಓದಿದ್ದು ಇಂಜಿನಿಯರಿಂಗ್, ಬ್ಯಾಂಕ್ ಖಾತೆಯ ಪಾಸ್‌ವರ್ಡ್ ತನ್ನ ಬಳಿ ಇರಲಿಲ್ಲ ಎಂಬುದನ್ನು ಮುಂದಿನ ಪ್ರಶ್ನೆಗಳಲ್ಲಿ ದಾಖಲೆ ಸಮೇತ ಹೇಳಬೇಕು. ಹೊಡೆತ, ಬೆದರಿಕೆ, ದುಡ್ಡಿನ ಮೇಲೆ ಪೂರ್ತಿ ಹಿಡಿತ ಇದ್ದುದಾದರೆ ಮುಜುಗರಪಡದೆ ಬರೆಯಿರಿ. ಪ್ರಶ್ನಿಸಲಾಗದ ಸ್ಥಿತಿ ಇತ್ತೆಂದು ಕಂಡುಬಂದರೆ, ಗೊತ್ತಿದ್ದರೂ ಅದು ನಿಮ್ಮ ವಿರುದ್ಧ ಹೋಗದಿರಬಹುದು.

ಲಗತ್ತಿಸುವ ವಿವರಣೆಯಲ್ಲಿ 'ಹಣಕಾಸೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು, ನನಗೇನೂ ಗೊತ್ತಿಲ್ಲ' ಎಂಬ ಸಾಲಿಗೆ ತೂಕವಿಲ್ಲ. ತೂಕವಿರುವುದು ಇಂಥದ್ದಕ್ಕೆ: '2021ರಲ್ಲಿ ನನ್ನ ಸಂಬಳ ನನ್ನೊಬ್ಬಳ ಖಾತೆಗೆ ಬರುತ್ತಿತ್ತು. ಅವರ ಷೇರು ಖಾತೆಯ ಸ್ಟೇಟ್‌ಮೆಂಟುಗಳು ಅವರ ಆಫೀಸ್ ಇಮೇಲಿಗೆ ಹೋಗುತ್ತಿದ್ದವು. 2022ರ ಏಪ್ರಿಲ್ 10ರಂದು ಅವರು ನನಗೆ ಕಳಿಸಿದ್ದು ಸಹಿಯ ಹಾಳೆ, ಫಾರ್ಮ್ 8879 ಮಾತ್ರ, ರಿಟರ್ನ್ ಇರಲಿಲ್ಲ. ಆ ಇಮೇಲ್ ಲಗತ್ತು 3.' ತಾರೀಖು, ಖಾತೆ, ಲಗತ್ತಿನ ಸಂಖ್ಯೆ. ಎರಡು ಮೂರು ಪುಟ ಸಾಕು. ಮಾಜಿ ಗಂಡನ ಗುಣಾವಗುಣಗಳ ಪಟ್ಟಿ ಬೇಡ, ಓದುವ ಅಧಿಕಾರಿಗೆ ಅದರಿಂದ ಏನೂ ಆಗಬೇಕಾದ್ದಿಲ್ಲ. ಸಾಕ್ಷ್ಯವನ್ನೆಲ್ಲ ಈಗಲೇ ತುಂಬಿ: 2019ರ ಟ್ಯಾಕ್ಸ್‌ಪೇಯರ್ ಫಸ್ಟ್ ಆಕ್ಟ್ ಬಂದ ಮೇಲೆ ಟ್ಯಾಕ್ಸ್ ಕೋರ್ಟು ನೋಡುವುದು ಈ ಹಂತದಲ್ಲಿ ಕಡತ ಸೇರಿದ್ದನ್ನು, ಜೊತೆಗೆ ಹೊಸದಾಗಿ ಸಿಕ್ಕಿದ ಅಥವಾ ಮೊದಲು ಸಿಗಲು ಸಾಧ್ಯವೇ ಇಲ್ಲದಿದ್ದ ಸಾಕ್ಷ್ಯವನ್ನು ಮಾತ್ರ.

ಕೊನೆಯಲ್ಲಿ ತಿಂಗಳ ಆದಾಯ, ಖರ್ಚಿನ ಪಟ್ಟಿ. ಅದನ್ನು ಉದಾಸೀನ ಮಾಡುವವರೇ ಹೆಚ್ಚು. ಈಕ್ವಿಟಬಲ್ ರಿಲೀಫಿನಲ್ಲಿ ಡೈವೋರ್ಸ್ ಆಗಿದೆ, ಕಟ್ಟಿದರೆ ಬದುಕು ಕಷ್ಟ, ಗೊತ್ತಿರಲಿಲ್ಲ ಎಂಬ ಮೂರೂ ಕೂಡಿದರೆ ತೀರ್ಮಾನ ಸಲೀಸು. ಗೊತ್ತಿರಲಿಲ್ಲ ಎಂದರೆ ಕಟ್ಟದ ಬಾಕಿಯ ಸಂದರ್ಭದಲ್ಲಿ ಬೇರೆ ಅರ್ಥ: ಸಹಿ ಮಾಡುವಾಗ 'ಅವರು ಕಟ್ಟುತ್ತಾರೆ' ಎಂದು ನಂಬಲು ಆಧಾರವಿತ್ತೇ? ಆ ಹೊತ್ತಿಗೆ ಕ್ರೆಡಿಟ್ ಕಾರ್ಡುಗಳೆಲ್ಲ ತುಂಬಿ ಮನೆ ಕಂತು ತಪ್ಪಿತ್ತು ಎಂದಾದರೆ ಆ ನಂಬಿಕೆ ನಿಲ್ಲುವುದಿಲ್ಲ. ಡಿಕ್ರಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಐಆರ್‌ಎಸ್‌ನ್ನು ಕಟ್ಟಿಹಾಕದಿದ್ದರೂ, ಕಟ್ಟಬೇಕಾದ ಹೊಣೆ ಯಾರದು ಎಂಬ ಅಂಶದಲ್ಲಿ ಅದನ್ನು ಎಣಿಸುತ್ತಾರೆ. ನೀವು ಆಮೇಲಿನ ವರ್ಷಗಳ ರಿಟರ್ನ್ ಸರಿಯಾಗಿ ಹಾಕಿದ್ದೀರಾ ಎಂದೂ ನೋಡುತ್ತಾರೆ.

ಅರ್ಜಿ ಹೋದ ಮೇಲೆ ಐಆರ್‌ಎಸ್ ಇನ್ನೊಬ್ಬರಿಗೆ ತಿಳಿಸಿಯೇ ತಿಳಿಸುತ್ತದೆ. ಹಿಂಸೆಯ ಸಂದರ್ಭದಲ್ಲೂ ಇದಕ್ಕೆ ವಿನಾಯಿತಿಯಿಲ್ಲ. ನಿಮ್ಮ ಹೊಸ ವಿಳಾಸ, ಫೋನ್, ಕೆಲಸದ ಜಾಗವನ್ನು ಮಾತ್ರ ಕೊಡುವುದಿಲ್ಲ. ಆದ್ದರಿಂದ ಲಗತ್ತಿಸುವ ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟಿನ ಮೇಲೆ ಹೊಸ ವಿಳಾಸ ಅಚ್ಚಾಗಿದೆಯೇ ನೋಡಿಕೊಳ್ಳಿ. ಅವರಿಗೆ ಪ್ರಶ್ನಾವಳಿ ಹೋಗುತ್ತದೆ; 'ಅವಳಿಗೆ ಎಲ್ಲ ಗೊತ್ತಿತ್ತು' ಎಂಬ ಉತ್ತರ ಬರುತ್ತದೆಂದು ಎಣಿಸಿಯೇ ನಿಮ್ಮ ದಾಖಲೆ ಜೋಡಿಸಿ.

ಆರು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯಬೇಕು. ಅಷ್ಟು ದಿನ ನಿಮ್ಮ ಸಂಬಳಕ್ಕೋ ಬ್ಯಾಂಕಿಗೋ ಆ ವರ್ಷಗಳ ಬಾಕಿಗಾಗಿ ಜಪ್ತಿ ಹಾಕುವಂತಿಲ್ಲ. ಆದರೆ ರಿಫಂಡ್ ಹಿಡಿಯಬಹುದು, ಲೀನ್ ಹಾಕಬಹುದು. ಬಡ್ಡಿಯೂ ನಿಲ್ಲುವುದಿಲ್ಲ: 2024ರಲ್ಲಿ ಅದು ವರ್ಷಕ್ಕೆ 8%, ದಿನದಿನಕ್ಕೂ ಚಕ್ರಬಡ್ಡಿ, ಮೇಲೆ ತಿಂಗಳಿಗೆ 0.5% ದಂಡ, ಒಟ್ಟು 25% ತಲುಪುವವರೆಗೆ. 20,000 ಬಾಕಿಯ ಮೇಲೆ ಆ ವರ್ಷಕ್ಕೆ ಸುಮಾರು 2,900 ಡಾಲರ್. ವಸೂಲಿಯ ಹತ್ತು ವರ್ಷದ ಗಡಿಯಾರವೂ ಅರ್ಜಿ ಇರುವಷ್ಟು ದಿನ, ಮತ್ತೂ 60 ದಿನ, ನಿಂತಿರುತ್ತದೆ. ಇನ್ನೇನು ಒಂದು ವರ್ಷದಲ್ಲಿ ಹತ್ತು ವರ್ಷ ಮುಗಿಯುತ್ತದೆ ಎನ್ನುವವರು ಅರ್ಜಿ ಹಾಕುವ ಮೊದಲು ಇದನ್ನು ಯೋಚಿಸಬೇಕು.

ಮೊದಲು ಬರುವ ತೀರ್ಮಾನ ತಾತ್ಕಾಲಿಕ. ಒಪ್ಪದಿದ್ದರೆ 30 ದಿನದಲ್ಲಿ ಮೇಲ್ಮನವಿ. ಇನ್ನೊಬ್ಬರಿಗೂ ಆ ಹಕ್ಕಿದೆ. ಅಂತಿಮ ಪತ್ರ ಬಂದ ಮೇಲೆ ಟ್ಯಾಕ್ಸ್ ಕೋರ್ಟಿಗೆ ಹೋಗಲು 90 ದಿನ, ಶುಲ್ಕ 60 ಡಾಲರ್. ಅರ್ಜಿ ಹಾಕಿ ಆರು ತಿಂಗಳಾದರೂ ಉತ್ತರವೇ ಇಲ್ಲದಿದ್ದರೆ ಕಾಯದೆ ನೇರ ಕೋರ್ಟಿಗೆ ಹೋಗಬಹುದು. ಊರಿಗೆ ವಾಪಸಾದವರು ಇಲ್ಲಿ ಮೋಸ ಹೋಗುವುದು ಅಂಚೆಯಲ್ಲಿ: ಕೊನೆಯ ದಿನ ಜಯನಗರದ ಅಂಚೆ ಕಚೇರಿಯ ಮೊಹರು ಬಿದ್ದಿದೆ ಎಂಬುದು ಟ್ಯಾಕ್ಸ್ ಕೋರ್ಟಿನ ಲೆಕ್ಕಕ್ಕೆ ಬರುವುದಿಲ್ಲ, ಅಲ್ಲಿ ಎಣಿಸುವುದು ಅಮೆರಿಕದ ಅಂಚೆ ಮೊಹರನ್ನು. ಡಾಸನ್ ಎಂಬ ಕೋರ್ಟಿನದೇ ಆನ್‌ಲೈನ್ ವ್ಯವಸ್ಥೆಯಲ್ಲಿ ವಕೀಲರಿಲ್ಲದೆಯೂ ಅರ್ಜಿ ಏರಿಸಬಹುದು. ಆದಾಯ ಕಡಿಮೆಯಿದ್ದು, ವರ್ಷವೊಂದರ ವಿವಾದ 50,000 ಡಾಲರಿನೊಳಗಿದ್ದರೆ ಎಲ್‌ಐಟಿಸಿ ಎಂಬ ತೆರಿಗೆ ಸಹಾಯದ ಕ್ಲಿನಿಕ್‌ಗಳು ಬಿಟ್ಟಿಯಾಗಿ ಅಥವಾ ಅತಿ ಕಡಿಮೆ ಶುಲ್ಕಕ್ಕೆ ಕೇಸು ನಡೆಸುತ್ತವೆ. ಆದಾಯದ ಮಿತಿ ಫೆಡರಲ್ ಬಡತನ ರೇಖೆಯ 250%.

ಈ ನಡುವೆ ದುಡ್ಡು ಕಟ್ಟಬೇಕೆನಿಸಿದರೆ ಚೆಕ್ಕಿನ ಮೇಲೆ ವರ್ಷ, ಫಾರ್ಮ್ 1040, ಮತ್ತು ರಿಟರ್ನಿನಲ್ಲಿ ಮೊದಲು ಅಚ್ಚಾಗಿರುವ ಎಸ್‌ಎಸ್‌ಎನ್ ಬರೆಯಿರಿ. ಜಾಯಿಂಟ್ ಖಾತೆ ಇರುವುದು ಆ ಮೊದಲ ಹೆಸರಿನಲ್ಲಿ. ನಿಮ್ಮದು ಎರಡನೆಯದಾಗಿದ್ದು ಅದೊಂದನ್ನೇ ಬರೆದರೆ ಹಣ ಬೇರೆ ಖಾತೆಯಲ್ಲಿ ಹೋಗಿ ಕೂರಬಹುದು. ಮಾಜಿ ಸಂಗಾತಿ ಎಷ್ಟು ಕಟ್ಟಿದ್ದಾರೆ ಎಂದು ಅವರನ್ನು ಕೇಳುವ ಅಗತ್ಯವೂ ಇಲ್ಲ. ಡೈವೋರ್ಸ್ ಆದವರು ಅಥವಾ ಬೇರೆ ಬೇರೆ ಇರುವವರು ಲಿಖಿತವಾಗಿ ಕೇಳಿದರೆ, ಜಾಯಿಂಟ್ ರಿಟರ್ನಿನ ಮೇಲೆ ಸೇರಿಸಿದ ತೆರಿಗೆಗೆ ಇನ್ನೊಬ್ಬರಿಂದ ವಸೂಲಿಗೆ ಪ್ರಯತ್ನಿಸಿದ್ದಾರೆಯೇ, ಎಷ್ಟು ವಸೂಲಾಗಿದೆ ಎಂದು ಐಆರ್‌ಎಸ್ ತಿಳಿಸಬೇಕು. ಈ ಹಕ್ಕಿನ ಸುದ್ದಿ ಗೊತ್ತಿರುವವರು ಬಹಳ ಕಡಿಮೆ.

ಮರುಮದುವೆಯಾಗಿ ಹೊಸ ಸಂಗಾತಿಯ ಜೊತೆ ಜಾಯಿಂಟ್ ಹಾಕಿದಾಗ ಹಳೆಯ ಬಾಕಿಗೆ ಆ ರಿಫಂಡ್ ಹೋದರೆ, ಹೊಸಬರು ತಮ್ಮ ಪಾಲು ಕೇಳುವುದು ಫಾರ್ಮ್ 8379ರಲ್ಲಿ. ಹೆಸರು ಇಂಜರ್ಡ್ ಸ್ಪೌಸ್. 8857ರ ಜಾಗದಲ್ಲಿ ಇದನ್ನು, ಇದರ ಜಾಗದಲ್ಲಿ ಅದನ್ನು ತುಂಬಿ ತಿಂಗಳುಗಳನ್ನು ಕಳೆದುಕೊಳ್ಳುವುದು ಸಾಮಾನ್ಯ. ಅಮೆರಿಕದ ಪಾಸ್‌ಪೋರ್ಟ್ ಇರುವವರಿಗೆ ಬಾಕಿ ದೊಡ್ಡದಾದರೆ (2025ರ ಮಿತಿ 64,000 ಡಾಲರ್) ಪಾಸ್‌ಪೋರ್ಟಿಗೇ ತೊಂದರೆ; 8857 ಅರ್ಜಿ ಇತ್ಯರ್ಥವಾಗದೆ ಇರುವಾಗ ನಿಮ್ಮನ್ನು ಅಂಥ ದೊಡ್ಡ ಬಾಕಿದಾರರ ಪಟ್ಟಿಗೆ ಸೇರಿಸುವುದಿಲ್ಲ. ಪೌರತ್ವದ ಎನ್-400 ಅರ್ಜಿಯಲ್ಲಿ ಬಾಕಿ ತೆರಿಗೆಯ ಪ್ರಶ್ನೆಯಿದೆ, ಅಲ್ಲಿ 8857ರ ಪ್ರತಿ ಅಥವಾ ಕಂತಿನ ಒಪ್ಪಂದ ಲಗತ್ತಿಸಿ.

ಸ್ಟೇಟ್ ತೆರಿಗೆಗೆ ಅರ್ಜಿ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಫಾರ್ಮ್ ಎಫ್‌ಟಿಬಿ 705 (ಎಫ್‌ಟಿಬಿ ಎಂದರೆ ಆ ರಾಜ್ಯದ ತೆರಿಗೆ ಇಲಾಖೆ). ಅಲ್ಲಿನ ವಿಶೇಷವೆಂದರೆ, ಡೈವೋರ್ಸ್ ಕೋರ್ಟಿನ ಆದೇಶವೇ ಸ್ಟೇಟ್ ಬಾಕಿಯನ್ನು ಒಬ್ಬರ ಮೇಲೆ ಹಾಕಬಲ್ಲದು. ಷರತ್ತುಗಳುಂಟು: ನಿಮ್ಮದೇ ದುಡಿಮೆಯ ಆದಾಯದ ತೆರಿಗೆಯಿಂದ ನಿಮ್ಮನ್ನು ಬಿಡಿಸಲು ಬರುವುದಿಲ್ಲ, ಮತ್ತು ಆದಾಯ 1,50,000 ಅಥವಾ ಬಿಡಿಸುವ ತೆರಿಗೆ 7,500 ಡಾಲರ್ ಮೀರಿದರೆ ಮೊದಲು ಎಫ್‌ಟಿಬಿಯಿಂದ ಕ್ಲಿಯರೆನ್ಸ್ ಸರ್ಟಿಫಿಕೇಟ್ ತರಬೇಕು. ಡಿಕ್ರಿ ಆದ ಮೇಲೆ ನೆನಪಾದರೆ ತಡ.

ಪರಿಹಾರ ಪೂರ್ತಿಯೋ ಭಾಗಶಃವೋ ಸಿಕ್ಕಿದಾಗ ಐಆರ್‌ಎಸ್ ಜಾಯಿಂಟ್ ಖಾತೆಯನ್ನು ಒಡೆದು ಇಬ್ಬರಿಗೂ ಒಂದೊಂದು ಪ್ರತ್ಯೇಕ ಖಾತೆ ಮಾಡುತ್ತದೆ. ಅವರ ಭಾಷೆಯಲ್ಲಿ ಎಂಎಫ್‌ಟಿ 30 ಹೋಗಿ ಎಂಎಫ್‌ಟಿ 31. ಆ ಖಾತೆಯ ಟ್ರಾನ್ಸ್‌ಕ್ರಿಪ್ಟ್ ತರಿಸಿಕೊಂಡು ಎರಡು ಸಾಲು ನೋಡಿ. ಹಿಂದೆ ಕಟ್ಟಿದ 670ಗಳೆಲ್ಲ ಬಂದಿವೆಯೇ? ಪರಿಹಾರ ಸಿಕ್ಕ ತೆರಿಗೆಗೆ ಸೇರಿದ ದಂಡ, ಬಡ್ಡಿ ಕೂಡ ಇಳಿದಿದೆಯೇ? ಇಳಿದಿರದಿದ್ದರೆ ಅಂತಿಮ ಪತ್ರದ ಪ್ರತಿಯಿಟ್ಟು, ಅದರ ಮೇಲಿರುವ ಸಂಖ್ಯೆಗೇ ಫೋನ್ ಮಾಡಿ.